916 ಮುದ್ರೆ ಒತ್ತುವವರು ಯಾರು?

ಅಡಿಕೆ ಮಾರಿದ ಹಣ ಕೈಗೆ ಬಂದು ಮದುವೆ ಮುಹೂರ್ತಗಳು ಶುರುವಾದರೆ ನನಗೆ ಪತ್ರಗಳೂ ಶುರುವಾಗುತ್ತವೆ. ಚಿನ್ನದ ಶುದ್ಧತೆ ಪರೀಕ್ಷಿಸಿ ಮುದ್ರೆ ಒತ್ತುವ ಹಾಲ್‌ಮಾರ್ಕ್ ಕೇಂದ್ರದ ಕುಲುಮೆಯ ಮುಂದೆ ವರ್ಷಗಟ್ಟಲೆ ಕೂತವನು ನಾನು. ಪ್ರಶ್ನೆ ಮಾತ್ರ ಪ್ರತಿ ಸಲವೂ ಅದೇ.

ದಾವಣಗೆರೆಯಲ್ಲಿ 25 ಗ್ರಾಂ ಬಳೆ ಕೊಂಡೆವು, 916 ಮುದ್ರೆ ಇದೆ. ಬೇರೆ ಅಂಗಡಿಯ ಯಂತ್ರ ಶೇಕಡಾ 88 ತೋರಿಸಿತು. ಬಳೆ ಮಾರಿದವರು ‘ಮುದ್ರೆ ಸರ್ಕಾರದ್ದು, ಅವರನ್ನೇ ಕೇಳಿ’ ಎನ್ನುತ್ತಾರೆ. (ಚನ್ನಗಿರಿಯ ಓದುಗರು)

ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಮುದ್ರೆ ಒತ್ತುವುದು ಸರ್ಕಾರವಲ್ಲ, ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನ್ಯತೆ ಪಡೆದ ಕೇಂದ್ರ. ಅಲ್ಲಿಗೆ ಒಡವೆಯ ಗಂಟು ತರುವವನೂ, ಒಂದೊಂದಕ್ಕೆ 45 ರೂಪಾಯಿ ಕೊಡುವವನೂ ನಿಮ್ಮ ವ್ಯಾಪಾರಿಯೇ. ಪರೀಕ್ಷೆ ಬರೆಯುವವನೇ ಮೇಷ್ಟರಿಗೆ ಸಂಬಳ ಕೊಟ್ಟ ಹಾಗೆ. ವ್ಯವಸ್ಥೆಯ ಸಡಿಲ ಗಂಟು ಇರುವುದು ಇಲ್ಲಿಯೇ.

ಗಂಟಿನಲ್ಲಿರುವ ಒಡವೆಗಳನ್ನು ಮೊದಲು ಎಕ್ಸ್‌ರೇ ಯಂತ್ರದ ಕೆಳಗಿಡುತ್ತಾರೆ. ಆಮೇಲೆ ಕೆಲವದರಿಂದ ಮಾತ್ರ ಚೂರು ಕೆರೆದು ತೂಗಿ, ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ, ಬಟ್ಟಲಿನಲ್ಲಿಟ್ಟು ಕುಲುಮೆಗೆ ಹಾಕುತ್ತಾರೆ. ತಾಮ್ರ ಮತ್ತಿತರ ಕಲಬೆರಕೆಯನ್ನು ಸೀಸದ ಜೊತೆಗೆ ಬಟ್ಟಲೇ ಹೀರಿಕೊಳ್ಳುತ್ತದೆ. ಕೊನೆಗೆ ಸಾಸಿವೆ ಕಾಳಿನಂಥ ಹೊಳೆಯುವ ಗುಂಡು ಉಳಿಯುತ್ತದೆ. ಅದನ್ನು ತಟ್ಟಿ, ನೈಟ್ರಿಕ್ ಆಮ್ಲದಲ್ಲಿ ಬೇಯಿಸಿ ಬೆಳ್ಳಿ ತೆಗೆದ ಮೇಲೆ ಉಳಿದದ್ದಷ್ಟೇ ಚಿನ್ನ. 916 ಎಂದರೆ ಸಾವಿರಕ್ಕೆ 916. 915 ಬಂದರೂ ಮುದ್ರೆಯಿಲ್ಲ, ಕೆಳಗೆ ಜಾರಲು ರಿಯಾಯಿತಿ ಇಲ್ಲ.

ಅಂಗಡಿಯಲ್ಲಿ 88 ತೋರಿಸಿದ್ದೂ ಇಂಥ ಎಕ್ಸ್‌ರೇ ಯಂತ್ರವೇ, ಅದು ಓದುವುದು ಮೇಲ್ಮೈಯನ್ನು ಮಾತ್ರ. ಬೆಸುಗೆಯ ಮೇಲಿಟ್ಟರೆ ಒಂದು ಅಂಕಿ, ಮೆರುಗಿನ ಮೇಲಿಟ್ಟರೆ ಇನ್ನೊಂದು. ಆದ್ದರಿಂದ 88 ಕಂಡ ಕೂಡಲೇ ಅಂಗಡಿಯಲ್ಲಿ ಜಗಳ ತೆಗೆಯಬೇಡಿ. ಮೊದಲು ಮೊಬೈಲಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಬಳೆಯ ಮೇಲಿನ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆ ಬೇರೆಯಾಗಿ ಕೊಡುವ ಗುರುತು ಸಂಖ್ಯೆ, ಹಾಕಿ ನೋಡಿ. ನಿಮ್ಮ ಕೈಯಲ್ಲಿ ಬಳೆಯಿದ್ದು ಪರದೆಯ ಮೇಲೆ ಉಂಗುರ ಎಂದು ಬಂದರೆ, ಯಾರದೋ ಸಂಖ್ಯೆ ನಿಮ್ಮ ಬಳೆಗೆ ಏರಿದೆ. 2023ರ ಏಪ್ರಿಲ್ 1ರಿಂದ ಈ ಸಂಖ್ಯೆಯಿಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ.

ಸಂಖ್ಯೆ ಸರಿಯಾಗಿದ್ದರೆ ಬೇರೊಂದು ಮಾನ್ಯ ಕೇಂದ್ರಕ್ಕೆ ಹೋಗಿ. ನಾಲ್ಕು ಒಡವೆಗಳವರೆಗೆ ಪರೀಕ್ಷೆಗೆ 200 ರೂಪಾಯಿ. ವರದಿಯನ್ನು ಬಿಲ್ಲಿನ ಜೊತೆ ಅದೇ ಆ್ಯಪ್ ಮೂಲಕ ಬ್ಯೂರೋಗೆ ಕಳಿಸಿ. ಕೊರತೆ ಸಾಬೀತಾದರೆ ನಷ್ಟದ ಎರಡರಷ್ಟು ಪರಿಹಾರ, ಜೊತೆಗೆ ಪರೀಕ್ಷಾ ವೆಚ್ಚ. ನಿಮ್ಮ ಬಳೆ ನಿಜಕ್ಕೂ 880 ಇದ್ದರೆ 0.9 ಗ್ರಾಂ ಚಿನ್ನ ಕಡಿಮೆ, ಅಂದರೆ 1.8 ಗ್ರಾಂನ ಬೆಲೆ ನಿಮಗೆ ಬರಬೇಕು. ಅಧಿಕಾರಿಗಳು ಮಳಿಗೆಗಳಿಂದ ತಾವಾಗಿಯೂ ಮಾದರಿ ಎತ್ತಿ ಪರೀಕ್ಷಿಸುತ್ತಾರೆ. ಸೋತರೆ ಮಳಿಗೆಯ ನೋಂದಣಿಯಷ್ಟೇ ಅಲ್ಲ, ಮುದ್ರೆ ಒತ್ತಿದ ಕೇಂದ್ರದ ಮಾನ್ಯತೆಗೂ ಕುತ್ತು.

ಆದರೆ ಬಿಲ್ ಎಲ್ಲಿ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ. ಶೇಕಡಾ 3ರ ಜಿಎಸ್‌ಟಿ ಉಳಿಸಲು ಹಾಳೆಯ ಚೂರಿನ ಮೇಲೆ ಲೆಕ್ಕ ಬರೆಸಿಕೊಂಡು ಬಂದಿದ್ದರೆ, ಆ ಬಳೆ ಆ ಅಂಗಡಿಯದೆಂದು ಯಾವ ಅಧಿಕಾರಿಯೂ ತೋರಿಸಲಾರ. ನಿವ್ವಳ ತೂಕ, ಕ್ಯಾರೆಟ್, ಹಾಲ್‌ಮಾರ್ಕ್ ಶುಲ್ಕ ಮೂರೂ ಬಿಲ್ಲಿನಲ್ಲಿ ಬೇರೆ ಬೇರೆಯಾಗಿ ಇರಬೇಕು. ನಾನಂತೂ ತಂಗಿಯ ಓಲೆಯನ್ನೂ ಬಿಲ್ ಇಲ್ಲದೆ ಕೊಂಡವನಲ್ಲ. ಪರಿಚಯದ ಅಂಗಡಿಯವರು ಮುಖ ಸಿಂಡರಿಸಿದರು, ಸಿಂಡರಿಸಲಿ.

ಕೆಡಿಎಂ ಚಿನ್ನ ಒಳ್ಳೆಯದಲ್ಲವೇ?

ಕೆಡಿಎಂ ಎಂದರೆ ಕ್ಯಾಡ್ಮಿಯಂ ಬೆಸುಗೆ, ಅದರ ಹೊಗೆ ಅಕ್ಕಸಾಲಿಯ ಶ್ವಾಸಕೋಶ ತಿನ್ನುತ್ತದೆ. ಅದನ್ನೇ ಶುದ್ಧತೆಯ ಬಿರುದಿನಂತೆ ಹೇಳುವ ಅಂಗಡಿಯ ಮೆಟ್ಟಿಲು ಇಳಿಯಿರಿ.

ವಿನೆಗರ್, ಅಯಸ್ಕಾಂತ ಹಿಡಿದು ಮನೆಯಲ್ಲೇ ನೋಡಬಹುದೇ?

ತಾಮ್ರವೂ ಬೆಳ್ಳಿಯೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ವಿನೆಗರ್ ಉಪ್ಪಿನಕಾಯಿಗಿರಲಿ.

ಅಜ್ಜಿಯ ಕಾಲದ ಸರಕ್ಕೆ ಮುದ್ರೆಯಿಲ್ಲ, ಮಾರಬಹುದೇ?

ಮಾರಬಹುದು. ಕಡ್ಡಾಯವಿರುವುದು ಮಾರುವ ವ್ಯಾಪಾರಿಗೆ, ನಿಮಗಲ್ಲ.

ಬೆಳ್ಳಿ ಕಾಲುಂಗುರಕ್ಕೆ?

2025ರ ಸೆಪ್ಟೆಂಬರ್‌ನಿಂದ ಬೆಳ್ಳಿಗೂ ಎಚ್‌ಯುಐಡಿ ಬಂದಿದೆ, ಆದರೆ ಐಚ್ಛಿಕವಾಗಿ.

ಮನೆ ಬಾಗಿಲಿಗೆ ಬರುವವರ ಕೈಯಲ್ಲಿ ಸರ ಪಾಲಿಶ್ ಮಾಡಿಸಿದೆ, ಈಗ ಹಗುರ ಅನ್ನಿಸುತ್ತಿದೆ.

ಅನ್ನಿಸುವುದಲ್ಲ, ಹಗುರವಾಗಿಯೇ ಇರುತ್ತದೆ. ಚಿನ್ನವನ್ನು ಕರಗಿಸುವ ರಾಜದ್ರಾವಕದಲ್ಲಿ ಅದ್ದಿರುತ್ತಾರೆ, ನಿಮ್ಮ ಚಿನ್ನ ಅವರ ಡಬ್ಬಿಯಲ್ಲಿ ಹೋಯಿತು. ಪೊಲೀಸ್ ಠಾಣೆಗೆ ಹೋಗಿ, ನನಗೆ ಬರೆಯಬೇಡಿ.