ಆರಿದ್ರಾ ಮಳೆ ಹವಾಮಾನವೋ, ವಾಯುಗುಣವೋ?

ಪ್ರಶ್ನೆ: ಹವಾಮಾನ ಮತ್ತು ವಾಯುಗುಣದ ವ್ಯತ್ಯಾಸವನ್ನು ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದ್ದೇನೆ. ಆದರೆ ಪತ್ರಿಕೆಗಳಲ್ಲಿ ‘ಹವಾಮಾನ ಬದಲಾವಣೆ’ ಎಂದೇ ಬರೆಯುತ್ತಾರೆ. ನಮ್ಮ ಅಜ್ಜ ಪಂಚಾಂಗ ನೋಡಿ ‘ಇವತ್ತಿನಿಂದ ಆರಿದ್ರಾ ಮಳೆ’ ಎನ್ನುತ್ತಾರೆ. ಕಳೆದ ವರ್ಷ ಆ ದಿನ ಒಳ್ಳೆಯ ಬಿಸಿಲಿತ್ತು. ಅಜ್ಜ ಹೇಳುವುದು ಹವಾಮಾನವೋ, ವಾಯುಗುಣವೋ? ಇನ್ನೊಂದು ಪ್ರಶ್ನೆ: ಡಿಸೆಂಬರ್‌ನಲ್ಲಿ ಶಿರಸಿಯ ಅತ್ತೆಯ ಮನೆಯಲ್ಲಿ ರಾತ್ರಿ ಕಂಬಳಿ ಬೇಕು, ನಮ್ಮ ಮನೆಯಲ್ಲಿ ಫ್ಯಾನ್ ಬೇಕು. ಇಷ್ಟು ಹತ್ತಿರದ ಊರುಗಳಲ್ಲಿ ಇಷ್ಟೊಂದು ವ್ಯತ್ಯಾಸ ಏಕೆ?
— ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ, ಕುಮಟಾ

ಉತ್ತರ: ಮೊದಲು ಪದಗಳ ಗೊಂದಲವನ್ನು ಬಿಡಿಸೋಣ, ಅದರಲ್ಲಿ ನಿನ್ನ ತಪ್ಪೇನೂ ಇಲ್ಲ. ಗಂಟೆಯಿಂದ ಗಂಟೆಗೆ, ದಿನದಿಂದ ದಿನಕ್ಕೆ ಬದಲಾಗುವ ವಾತಾವರಣದ ಸ್ಥಿತಿಯನ್ನು ನಿನ್ನ ಪುಸ್ತಕ ಹವಾಮಾನ ಎಂದು ಕರೆಯುತ್ತದೆ. ಒಂದು ಪ್ರದೇಶದಲ್ಲಿ ದೀರ್ಘಕಾಲ, ವಾಡಿಕೆಯಂತೆ 30 ವರ್ಷ, ಅಳೆದು ಬರೆದಿಟ್ಟ ಹವಾಮಾನದ ಸರಾಸರಿಯೂ ಏರಿಳಿತವೂ ಸೇರಿದರೆ ಅದು ವಾಯುಗುಣ. ಪತ್ರಿಕೆಗಳು ಎರಡಕ್ಕೂ ಹವಾಮಾನ ಎಂಬ ಒಂದೇ ಪದವನ್ನು ಬಳಸುವುದರಿಂದ ಮಕ್ಕಳಿಗೆ ತೊಂದರೆಯಾಗುತ್ತಿದೆ. ‘ಹವಾಮಾನ ಬದಲಾವಣೆ’ ಎಂದು ಅಚ್ಚಾಗುವುದು ನಿಜಕ್ಕೂ ವಾಯುಗುಣದ ಬದಲಾವಣೆಯೇ. ಪರೀಕ್ಷೆಯಲ್ಲಿ ಪುಸ್ತಕದ ಪದವನ್ನೇ ಬರೆ.

ನಿನ್ನ ಅಜ್ಜ ಹೇಳುವುದು ವಾಯುಗುಣ. ಮಳೆ ನಕ್ಷತ್ರಗಳನ್ನು ಎಣಿಸುವುದು ಸೂರ್ಯನ ಸ್ಥಾನದಿಂದ. ವರ್ಷದ 365 ದಿನಗಳನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು ಹದಿಮೂರೂವರೆ ದಿನ ಬರುತ್ತದೆ. ಹಾಗಾಗಿ ಮೃಗಶಿರ ಜೂನ್ ಮೊದಲ ವಾರದ ಕೊನೆಗೂ ಆರಿದ್ರಾ ಜೂನ್ 21–22ರ ಸುಮಾರಿಗೂ ಪ್ರತಿ ವರ್ಷ ತಪ್ಪದೆ ಹುಟ್ಟುತ್ತವೆ. ಆ ದಿನಗಳಲ್ಲಿ ಸಾಮಾನ್ಯವಾಗಿ ಎಂಥ ಮಳೆ ಬರುತ್ತದೆ ಎಂಬುದನ್ನು ತಲೆತಲಾಂತರದಿಂದ ನೋಡಿದ ರೈತರು ಆಯಾ ನಕ್ಷತ್ರಕ್ಕೆ ಆ ಗುಣವನ್ನು ಹೇಳಿದರು. ಅದು ಬರೆದಿಡದ ಸರಾಸರಿ. ಆರಿದ್ರಾ ಹುಟ್ಟಿದ ದಿನ ಬಿಸಿಲು ಬಿದ್ದರೆ ಅದು ಆ ದಿನದ ಹವಾಮಾನ. ಅಷ್ಟಕ್ಕೇ ಅಜ್ಜನ ಮಾತು ಸುಳ್ಳಾಗುವುದಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಬದುಕಿನಲ್ಲಿ ಈ ಎರಡೂ ಪಕ್ಕಪಕ್ಕದಲ್ಲೇ ಇವೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನು ಜೂನ್ 1ರಿಂದ ಜುಲೈ 31ರವರೆಗೆ ನಿಷೇಧಿಸುವುದು ಮೀನು ಮರಿ ಮಾಡುವ ಕಾಲವನ್ನೂ ಮಳೆಗಾಲದ ಕಡಲಿನ ಸ್ವಭಾವವನ್ನೂ ಬಲ್ಲ ನಿಯಮ; ಅಲ್ಲಿರುವುದು ವಾಯುಗುಣದ ತಿಳಿವಳಿಕೆ. ನಿಷೇಧ ಮುಗಿದ ಮೇಲೂ ಕಾರವಾರದ ಬೈತಖೋಲ ಬಂದರಿನಲ್ಲಿ ಒಂದು ಬೆಳಿಗ್ಗೆ ದೋಣಿಗಳು ಲಂಗರು ಹಾಕಿಯೇ ನಿಂತಿದ್ದರೆ ಅದಕ್ಕೆ ಆ ದಿನದ ಗಾಳಿ ಕಾರಣ. ಶಿರಸಿಯ ಅಡಿಕೆ ತೋಟದಲ್ಲಿಯೂ ಹೀಗೆಯೇ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಜೋರಾಗುವ ಮೊದಲೇ ಹೊಡೆಯಬೇಕೆಂಬುದನ್ನು ಕಲಿಸಿದ್ದು ವಾಯುಗುಣ. ಆದರೆ ಮದ್ದು ಗೊನೆಗೆ ಹಿಡಿದು ಒಣಗುವಷ್ಟು ಹೊತ್ತು ಇಂದು ಹೊಳವಾಗುತ್ತದೆಯೇ ಎಂದು ತೋಟದವರು ಆಕಾಶ ನೋಡುವುದು ಹವಾಮಾನಕ್ಕಾಗಿ.

ಇನ್ನು ಘಟ್ಟದ ವಿಷಯ. ‘ಪಶ್ಚಿಮ ಘಟ್ಟಗಳು ಮೋಡಗಳನ್ನು ತಡೆಯುವುದರಿಂದ ಮಳೆಯಾಗುತ್ತದೆ’ ಎಂದು ಉತ್ತರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇನೆ. ಈ ವಾಕ್ಯವನ್ನು ತಿದ್ದಲೇಬೇಕು, ಏಕೆಂದರೆ ಮೋಡವು ಗೋಡೆಗೆ ಬಡಿದ ಚೆಂಡಿನಂತೆ ನಿಲ್ಲುವುದಿಲ್ಲ. ಅರಬ್ಬೀ ಸಮುದ್ರದ ಮೇಲಿಂದ ನೀರಾವಿ ಹೊತ್ತು ಬರುವ ನೈರುತ್ಯ ಮಾರುತವು ಘಟ್ಟದ ಇಳಿಜಾರನ್ನು ಏರಲೇಬೇಕಾಗುತ್ತದೆ. ಮೇಲೆ ಹೋದಂತೆ ಸುತ್ತಲಿನ ವಾಯುಭಾರ ಕಡಿಮೆಯಾಗಿ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಂಪಾಗುತ್ತದೆ. ಸೈಕಲ್ ಟ್ಯೂಬಿನ ವಾಲ್ವ್ ಒತ್ತಿ ಗಾಳಿ ಬಿಟ್ಟಾಗ ಬೆರಳಿಗೆ ತಣ್ಣಗೆ ತಾಗುವುದೂ ಇದೇ ಕಾರಣದಿಂದ. ತಂಪಾದ ಗಾಳಿಯಲ್ಲಿ ಅಷ್ಟು ನೀರಾವಿ ಉಳಿಯಲಾರದು. ಅದು ಹನಿಗಟ್ಟಿ, ಇಳಿಜಾರಿನ ಮೇಲೆಯೇ ಹೊಸ ಮೋಡ ಹುಟ್ಟಿ ಮಳೆ ಸುರಿಯುತ್ತದೆ. ಜುಲೈನಲ್ಲಿ ಕುಮಟಾದಿಂದ ಶಿರಸಿಗೆ ಬಸ್ಸಿನಲ್ಲಿ ಹೋಗುವಾಗ ಗಮನಿಸು: ಕೆಳಗಿದ್ದಾಗ ತಲೆಯ ಮೇಲೆ ಕಾಣುತ್ತಿದ್ದ ಮೋಡ ದೇವಿಮನೆ ಘಟ್ಟದ ತಿರುವುಗಳಲ್ಲಿ ಕಿಟಕಿಯ ಪಕ್ಕಕ್ಕೇ ಬಂದಿರುತ್ತದೆ. ಇದೇ ಆರೋಹ ಮಳೆ.

ಘಟ್ಟ ದಾಟಿದ ಗಾಳಿಯು ನೀರಿನ ಬಹುಭಾಗವನ್ನು ಕಳೆದುಕೊಂಡಿರುತ್ತದೆ, ಇಳಿಯುತ್ತ ಬೆಚ್ಚಗೂ ಆಗುತ್ತದೆ. ಆದ್ದರಿಂದಲೇ ಒಂದೇ ಜಿಲ್ಲೆಯಾದರೂ ಘಟ್ಟದ ಪೂರ್ವಕ್ಕಿರುವ ಮುಂಡಗೋಡಿನಲ್ಲಿ ಬೀಳುವ ಮಳೆ ಕಾರವಾರದ ಅರ್ಧಕ್ಕಿಂತ ಕಡಿಮೆ.

ಕಂಬಳಿಯ ಪ್ರಶ್ನೆಗೆ ಎತ್ತರವೊಂದೇ ಉತ್ತರವಲ್ಲ. ಪ್ರತಿ 1000 ಮೀಟರಿಗೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಲೆಕ್ಕಕ್ಕೆ ಸಿಗುವುದು 4 ಡಿಗ್ರಿ. ಆದರೆ ಎತ್ತರವೇ ಎಲ್ಲವೂ ಆಗಿದ್ದರೆ ಮಾರ್ಚ್ ತಿಂಗಳ ಮಧ್ಯಾಹ್ನ ಶಿರಸಿ ಕುಮಟಾಕ್ಕಿಂತ ಅಷ್ಟೇ ತಂಪಾಗಿರಬೇಕಿತ್ತು, ಹಾಗೆ ಇರುವುದಿಲ್ಲ. ಉಳಿದ ಕಾರಣ ಕಡಲು. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಬೇಸಿಗೆಯ ಮಧ್ಯಾಹ್ನ ಕಾದ ನೆಲದ ಕಡೆಗೆ ಕಡಲ ಗಾಳಿ ಬೀಸಿ ಕರಾವಳಿಯ ಬಿಸಿಯನ್ನು ತಗ್ಗಿಸುತ್ತದೆ. ಚಳಿಗಾಲದ ರಾತ್ರಿ ಕರಾವಳಿಯ ತೇವದ ಗಾಳಿಯು ನೆಲದ ಶಾಖವನ್ನು ಬೇಗ ಹೊರಬಿಡುವುದಿಲ್ಲ. ಶಿರಸಿಯ ಡಿಸೆಂಬರ್ ರಾತ್ರಿಯಲ್ಲಾದರೆ ಆಕಾಶ ಶುಭ್ರ, ಗಾಳಿ ಒಣ. ನೆಲದ ಶಾಖ ಬೇಗ ಮೇಲಕ್ಕೆ ಹೋಗುತ್ತದೆ. ಅತ್ತೆಯ ಮನೆಯ ಕಂಬಳಿಗೆ ಎತ್ತರವೂ ಕಾರಣ, ಕಡಲಿನಿಂದ ದೂರವಿರುವುದೂ ಕಾರಣ.

ಈ ಮಳೆಗಾಲದಲ್ಲಿ ನೀನೇ ಅಳೆದು ನೋಡು. ತಳ ಸಮತಟ್ಟಾಗಿ ಬದಿ ನೇರವಾಗಿರುವ ಡಬ್ಬಿಯನ್ನು ಮರ, ಮಾಡುಗಳಿಂದ ದೂರ, ಅಂಗಳದ ಬಯಲಿನಲ್ಲಿ ಇಡು. ಹವಾಮಾನ ಇಲಾಖೆಯಂತೆ ದಿನವೂ ಬೆಳಿಗ್ಗೆ 8:30ಕ್ಕೆ ಸ್ಕೇಲಿನಿಂದ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆದು, ಚೆಲ್ಲಿ, ಮತ್ತೆ ಇಡು. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಒಂದೇ ದಿನ 100 ಮಿಲಿಮೀಟರ್ ಬಿದ್ದರೆ 30×40 ಅಡಿಯ ತಾರಸಿಯ ಮೇಲೆ ಸುಮಾರು 11,000 ಲೀಟರ್ ಸುರಿದಿರುತ್ತದೆ. ಇಲಾಖೆಯ ಲೆಕ್ಕದಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 204.5 ಮುಟ್ಟಿದರೆ ಅತ್ಯಂತ ಭಾರಿ ಮಳೆ. ನೋಟ್‌ಬುಕ್ಕಿನಲ್ಲಿ ತಾರೀಕಿನ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದು, ಆ ದಿನ ಯಾವ ನಕ್ಷತ್ರದ ಮಳೆ ಎಂದು ಅಜ್ಜನನ್ನೇ ಕೇಳಿ ಬರೆದುಕೋ.