ಉಬ್ಬುಹಲ್ಲಿನಾಚೆಯ ನರಸಿಂಹರಾಜು

ಓದುಗರ ಪತ್ರ: “ನರಸಿಂಹರಾಜು ಅವರನ್ನು ಹಾಸ್ಯ ಚಕ್ರವರ್ತಿ ಎಂದು ಕೊಂಡಾಡುತ್ತೀರಿ. ಉಬ್ಬುಹಲ್ಲು, ಬಡಕಲು ಮೈ ಬಿಟ್ಟರೆ ಅವರಲ್ಲಿ ನಟನೆ ಎಷ್ಟಿತ್ತು?”

ಸಂಪಾದಕರ ಉತ್ತರ: ಬರೀ ಹಲ್ಲು ನಗಿಸುವುದಾಗಿದ್ದರೆ ಎರಡನೇ ಚಿತ್ರಕ್ಕೇ ಜನ ಬೇಸತ್ತಿರುತ್ತಿದ್ದರು. ಅವರು ನಟಿಸಿದ್ದು ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ. 1923ರಲ್ಲಿ ತಿಪಟೂರಿನಲ್ಲಿ ಹುಟ್ಟಿದವರು, 1954ರ ‘ಬೇಡರ ಕಣ್ಣಪ್ಪ’ದಲ್ಲಿ ತೆರೆಗೆ ಬರುವ ಹೊತ್ತಿಗೆ ಗುಬ್ಬಿ ನಾಟಕ ಕಂಪನಿಯಲ್ಲಿ ಪಳಗಿದ್ದರು. ರಾಜ್‌ಕುಮಾರ್ ನಾಯಕರಾಗಿ ಬಂದದ್ದೂ ಅದೇ ಚಿತ್ರದಲ್ಲಿ.

ಕಂಪನಿ ನಾಟಕದಲ್ಲಿ ಒಂದು ಮಾತು ಆಡಿ, ನಗು ಇಳಿಯುವ ತನಕ ಕಾದು ಮುಂದಿನದನ್ನು ಎತ್ತಿಕೊಳ್ಳಬಹುದು. ಸ್ಟುಡಿಯೊದಲ್ಲಿ ನಗುವವರೇ ಇಲ್ಲ. ಬಿಡುವನ್ನು ಅಂದಾಜಿನಲ್ಲೇ ಕೊಡಬೇಕು. ಕಡಿಮೆಯಾದರೆ ಟಾಕೀಸಿನ ನಗೆಯಲ್ಲಿ ಮುಂದಿನ ಮಾತು ಮುಳುಗುತ್ತದೆ, ಹೆಚ್ಚಾದರೆ ಸನ್ನಿವೇಶ ಹಳಸುತ್ತದೆ. ನರಸಿಂಹರಾಜು ಆ ಬಿಡುವನ್ನು ಕಣ್ಣರಳಿಸಿ, ಕತ್ತು ತಿರುಗಿಸಿ ತುಂಬಿಬಿಡುತ್ತಾರೆ. ಟಿವಿಯವರು ಹಾಸ್ಯದ ತುಣುಕುಗಳನ್ನು ಕತ್ತರಿಸುವಾಗ ಮೊದಲು ಹಾರಿಹೋಗುವುದೇ ಅದು. ಉಳಿಯುವುದು ಹಲ್ಲು ಮಾತ್ರ. ನಿಮ್ಮ ಪ್ರಶ್ನೆಯ ಮೂಲ ಅಲ್ಲಿರಬಹುದು.

1965ರ ‘ಸತ್ಯ ಹರಿಶ್ಚಂದ್ರ’ದ ನಕ್ಷತ್ರಿಕನನ್ನು ಗಮನಿಸಿ. ವಿಶ್ವಾಮಿತ್ರನ ಸಾಲ ವಸೂಲಿಗೆ ಬಂದ ಶಿಷ್ಯ. ರಾಜ್ಯ ಕಳೆದುಕೊಂಡ ರಾಜ, ಹೆಂಡತಿ, ಮಗ ದಾರಿಯಲ್ಲಿ ಬಸವಳಿಯುತ್ತಿರುವಾಗ ಇವನು ಬೆನ್ನು ಬಿಡದೆ ಕಾಡಬೇಕು. ನಗೆ ಒಂದು ಹಿಡಿ ಹೆಚ್ಚಾದರೂ ಕರುಣರಸ ಕೆಡುತ್ತದೆ. ಕಾಟ ಅತಿಯಾದರೆ ಪಾತ್ರ ಖಳನಾಗುತ್ತದೆ. ಎರಡೂ ಆಗಗೊಡದೆ ಚಿತ್ರದುದ್ದಕ್ಕೂ ಸಾಗಿದ್ದನ್ನು ನಟನೆ ಎನ್ನದೆ ಬೇರೇನೆನ್ನುವುದು?

ಸಹನಟ ಬಾಲಕೃಷ್ಣ ಜತೆಗಿನ ದೃಶ್ಯಗಳದು ಇನ್ನೊಂದು ಬಗೆ. ಕಿವಿ ಮಂದವಾಗಿದ್ದ ಬಾಲಣ್ಣ ಎದುರಿನವರ ತುಟಿ ನೋಡಿ ತಮ್ಮ ಮಾತು ಎತ್ತಿಕೊಳ್ಳುತ್ತಿದ್ದರು. ಅಂಥವರೆದುರು ಮಾತು ನುಂಗುವ ಹಾಗಿಲ್ಲ, ಮುಖ ತಿರುಗಿಸುವ ಹಾಗಿಲ್ಲ. ಆದರೂ ಆ ಜೋಡಿಯ ಓಟ ಎಲ್ಲೂ ಮುಗ್ಗರಿಸುವುದಿಲ್ಲ.

ತೆರೆಯ ಹಿಂದೆಯೂ ಅವರಿದ್ದರು. ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಜತೆ ಸೇರಿ ಕಟ್ಟಿದ ಕಲಾವಿದರ ಸಂಘದಿಂದ 1960ರಲ್ಲಿ ‘ರಣಧೀರ ಕಂಠೀರವ’ ಬಂತು. 1974ರ ‘ಪ್ರೊಫೆಸರ್ ಹುಚ್ಚೂರಾಯ’ದಲ್ಲಿ ಮುಖ್ಯ ಪಾತ್ರವೇ ಅವರದು. 1979ರಲ್ಲಿ, ಅರವತ್ತು ತುಂಬುವ ಮೊದಲೇ, ತೀರಿಕೊಂಡರು.

‘ಸತ್ಯ ಹರಿಶ್ಚಂದ್ರ’ಕ್ಕೆ ಬಣ್ಣ ತುಂಬಿ 2008ರಲ್ಲಿ ಮತ್ತೆ ಬಿಡುಗಡೆ ಮಾಡಿದ್ದರು. ಯಾವ ಪ್ರತಿ ಸಿಕ್ಕರೂ ಸರಿ, ತುಣುಕುಗಳಲ್ಲಲ್ಲ, ಇಡಿಯಾಗಿ ನೋಡಿ.