ಎಂಆರ್‌ಐ ಯಂತ್ರ ಮದ್ದನ್ನು ಗಡ್ಡೆಗೆ ಎಳೆಯುತ್ತಾ?

ಪ್ರಶ್ನೆ: ಅಮ್ಮನಿಗೆ 64 ವರ್ಷ. ಲಿವರ್‌ನಲ್ಲಿ ಕ್ಯಾನ್ಸರ್ ಗಡ್ಡೆ. ತೊಡೆಸಂದಿನ ರಕ್ತನಾಳದಿಂದ ನಳಿಗೆ ಹಾಕಿ ಕೀಮೋ ಕೊಡೋಣ ಅಂತ ಡಾಕ್ಟರು ತಾರೀಕು ಕೊಟ್ಟಿದ್ದಾರೆ. ಈ ಮಧ್ಯೆ ಒಬ್ಬರು ಫೋನ್ ಮಾಡಿ, "ನ್ಯಾನೋ ಮದ್ದು ಚುಚ್ಚಿ, ಎಂಆರ್‌ಐ ಯಂತ್ರದಿಂದ ನೇರ ಗಡ್ಡೆಗೇ ಎಳೆಯುತ್ತೇವೆ, ಕೀಮೋ ಬೇಡ, ಮುಂಗಡ ಕಟ್ಟಿ" ಅನ್ನುತ್ತಿದ್ದಾರೆ. ನಂಬಬಹುದಾ?
— ಓದುಗರು, ಡೊಂಬಿವಲಿ

ಉತ್ತರ: ದುಡ್ಡು ಕಟ್ಟಬೇಡಿ. ಡಾಕ್ಟರು ಕೊಟ್ಟ ತಾರೀಕು ತಪ್ಪಿಸಬೇಡಿ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ನಾನು ಮುಂಬೈಯಲ್ಲಿ 27 ವರ್ಷ ಎಂಆರ್‌ಐ ಟೆಕ್ನಿಷಿಯನ್ ಆಗಿದ್ದವಳು. ಒಮ್ಮೆ ಅಜ್ಜಿಯೊಬ್ಬರ ತುರುಬಿನಲ್ಲಿ ಒಂದು ಪಿನ್ ಉಳಿದುಬಿಟ್ಟಿತ್ತು. ಯಂತ್ರದ ಬಾಯಿ ಹತ್ತಿರ ಬಂದದ್ದೇ ತಡ, ಅದು ತುರುಬಿನಿಂದ ಹಾರಿ ಅಂಚಿಗೆ ಟಪ್ ಅಂತ ಅಂಟಿತು. ಪುಣ್ಯ, ಯಾರಿಗೂ ತಾಗಲಿಲ್ಲ. ಎಳೆತ ಜೋರಾಗಿರುವುದು ಆ ಬಾಯಿಯ ಹತ್ತಿರವೇ, ಯಾಕೆಂದರೆ ಅಲ್ಲಿ ಕಾಂತದ ಬಲ ಒಮ್ಮೆಲೇ ಏರುತ್ತದೆ. ನಟ್ಟನಡುವೆ, ಸ್ಕ್ಯಾನ್ ಆಗುವ ಜಾಗದಲ್ಲಿ, ಬಲ ಒಂದೇ ಸಮ. ಹಾಗಿದ್ದಾಗ ಮದ್ದು ಹೊತ್ತ ಕಬ್ಬಿಣದ ಕಣ ಯಾವ ಕಡೆಗೂ ಸರಿಯುವುದಿಲ್ಲ. ಯಂತ್ರ 1.5 ಟೆಸ್ಲಾದ್ದಿರಲಿ, 3 ಟೆಸ್ಲಾದ್ದಿರಲಿ (ಟೆಸ್ಲಾ ಅಂದರೆ ಕಾಂತದ ಬಲದ ಅಳತೆ), ಅಷ್ಟೇ.

ಒಳಗೆ ಆ ಬಲವನ್ನು ಏರಿಳಿಸುವ ಸುರುಳಿಗಳೂ ಇವೆ. ನೀವು ಕೇಳುವ ಆ ದಡದಡ ಸದ್ದು ಅವುಗಳದ್ದೇ. ಕೆನಡಾದ ಮಾಂಟ್ರಿಯಲ್‌ನಲ್ಲಿ ಸಿಲ್ವಾನ್ ಮಾರ್ಟೆಲ್ ಅವರ ತಂಡ 2007ರಲ್ಲಿ ಅವುಗಳಿಂದಲೇ ಜೀವಂತ ಹಂದಿಯ ಕತ್ತಿನ ರಕ್ತನಾಳದಲ್ಲಿ 1.5 ಮಿಲಿಮೀಟರ್‌ನ ಗುಂಡೊಂದನ್ನು ಬೇಕಾದ ಕಡೆ ಓಡಿಸಿ ತೋರಿಸಿತು. ದೊಡ್ಡ ಕೆಲಸವೇ ಅದು. ಆದರೆ ಆ ಗುಂಡು ಸಾಸಿವೆ ಕಾಳಿನಷ್ಟಿತ್ತು. ನ್ಯಾನೋ ಕಣ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲು ಇರಬಹುದು. ಕಣ ಚಿಕ್ಕದಾದಷ್ಟೂ ಅದರ ಮೇಲಿನ ಎಳೆತ ತೀರಾ ಕಡಿಮೆ. ರಕ್ತದ ಹರಿವು ಅದನ್ನು ಹೊತ್ತುಕೊಂಡು ಹೋಗುತ್ತದೆ.

ಲಿವರ್ ಆದರೆ ಇನ್ನೊಂದು ತೊಡಕಿದೆ. ಕಬ್ಬಿಣದ ನ್ಯಾನೋ ಕಣಗಳಿದ್ದ ಫೆರಿಡೆಕ್ಸ್ ಎಂಬ ಮದ್ದಿಗೆ ಅಮೆರಿಕದಲ್ಲಿ 1996ರಲ್ಲೇ ಒಪ್ಪಿಗೆ ಸಿಕ್ಕಿತ್ತು, ಲಿವರ್ ಸ್ಕ್ಯಾನ್‌ಗೆ ಅಂತ. ಲಿವರ್‌ನಲ್ಲಿ ಕುಪ್ಫರ್ ಕೋಶಗಳಿವೆ. ರಕ್ತದಲ್ಲಿ ಬಂದ ಇಂಥ ಕಣಗಳನ್ನು ಅವು ಹಿಡಿದು ನುಂಗುತ್ತವೆ. ಕಬ್ಬಿಣ ಸೇರಿದ ಜಾಗ ಚಿತ್ರದಲ್ಲಿ ಕಪ್ಪಾಗುತ್ತದೆ. ಕ್ಯಾನ್ಸರ್ ಗಡ್ಡೆಯಲ್ಲಿ ಆ ಕೋಶಗಳು ಸಾಮಾನ್ಯವಾಗಿ ಇಲ್ಲ, ಇದ್ದರೂ ಕಡಿಮೆ. ಅದಕ್ಕೇ ಗಡ್ಡೆ ಬೆಳ್ಳಗೆ ಎದ್ದು ಕಾಣುತ್ತದೆ. ಅಂದರೆ ಕಣ ಜಾಸ್ತಿ ಸೇರುವುದು ಅಮ್ಮನ ಲಿವರ್‌ನ ಒಳ್ಳೆಯ ಭಾಗಕ್ಕೆ! ಗಡ್ಡೆ ನೋಡುವುದಕ್ಕೆ ಇದು ಅನುಕೂಲ. ಮದ್ದು ಸಾಗಿಸುವುದಕ್ಕೆ ಇದೇ ಅಡ್ಡಿ. ಬೇರೆ ಬೇರೆ ನ್ಯಾನೋ ಕಣಗಳ ಹತ್ತು ವರ್ಷದ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು 2016ರಲ್ಲಿ ಲೆಕ್ಕ ಹಾಕಿದ್ದರು. ಚುಚ್ಚಿದ್ದರಲ್ಲಿ ಗಡ್ಡೆ ಮುಟ್ಟಿದ್ದು ಸುಮಾರು ಶೇ. 0.7.

ನಿಮ್ಮ ಡಾಕ್ಟರು ಹೇಳಿದ ನಳಿಗೆ ಗಡ್ಡೆಗೆ ರಕ್ತ ಉಣಿಸುವ ನಾಳದವರೆಗೇ ಹೋಗುತ್ತದೆ. ಮದ್ದನ್ನು ಅಲ್ಲೇ ಬಿಡುತ್ತಾರೆ, ಸಾಮಾನ್ಯವಾಗಿ ನಾಳವನ್ನೂ ಮುಚ್ಚುತ್ತಾರೆ. ಗುರಿಯಿಟ್ಟು ಮದ್ದು ಕೊಡುವುದು ಅಂದರೆ ಇದೂ ಅದೇ ಅಲ್ವಾ?

ಫೋನ್ ಮಾಡಿದವರು ಇದು ಪ್ರಯೋಗ ಅಂದರೆ ಸಿಟಿಆರ್‌ಐ, ಅಂದರೆ ಭಾರತದಲ್ಲಿ ರೋಗಿಗಳ ಮೇಲೆ ನಡೆಯುವ ಚಿಕಿತ್ಸಾ ಪ್ರಯೋಗಗಳ ಪಟ್ಟಿಯ, ನೋಂದಣಿ ಸಂಖ್ಯೆ ಕೇಳಿ. ಆ ಸರ್ಕಾರಿ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಸಂಖ್ಯೆ ಕೊಟ್ಟರೆ ಡಾಕ್ಟರಿಗೆ ತೋರಿಸಿ. ಕೊಡದಿದ್ದರೆ ಮತ್ತೆ ಫೋನ್ ಎತ್ತಬೇಡಿ. ಮತ್ತೆ, ಅಮ್ಮನಿಗೆ ಸ್ಕ್ಯಾನ್ ಇರುವ ದಿನ ತುರುಬಿನ ಪಿನ್, ಸೆರಗಿನ ಪಿನ್ ಎಲ್ಲ ಮನೆಯಲ್ಲೇ ತೆಗೆದಿಡಿ.